ದಸರಾ ಗೊಂಬೆಗಳ ಮಡಿಕೆ ಆಲ್ಬಮ್: ಫೋಟೊ ತೆಗೆಯುವುದರಿಂದ ಮುದ್ರಣದವರೆಗೆ

ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕಲಶ, ಪಟ್ಟದ ರಾಜ ರಾಣಿ. ಕೆಳಗೆ ದಶಾವತಾರ, ಮದುವೆ ಮೆರವಣಿಗೆ, ಶೆಟ್ಟರ ಅಂಗಡಿ. ನೆಲದ ಮೇಲೆ ಮಕ್ಕಳು ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕು. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಆಮೇಲೆ ಎಲ್ಲವನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆ ಸೇರಿಸಿದರೆ ಮತ್ತೆ ಹೊರಬರುವುದು ಮುಂದಿನ ವರ್ಷವೇ. ಮೊಬೈಲಿನಲ್ಲಿ ಫೋಟೊಗಳು ರಾಶಿ ಬಿದ್ದಿರುತ್ತವೆ, ನಿಜ. ಆದರೆ ಯಾವ ಗೊಂಬೆ ಯಾರ ತವರಿನಿಂದ ಬಂತು, ರಾಣಿಗೆ ಉಡಿಸಿದ ಸೀರೆ ಯಾವುದರ ಸೆರಗು, ಇವೆಲ್ಲ ಮನೆಯ ಒಬ್ಬಿಬ್ಬರು ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ.

ಆ ಮಾತುಗಳನ್ನೂ ಫೋಟೊಗಳನ್ನೂ ಒಟ್ಟಿಗೆ ಸೇರಿಸಿ ಒಂದು ಮಡಿಕೆ ಆಲ್ಬಮ್ ಮಾಡುವ ವಿಧಾನ ಇಲ್ಲಿದೆ. ಉದ್ದನೆಯ ಒಂದೇ ಪಟ್ಟಿ ಕಾಗದ, ಮೂರು ಮಡಿಕೆ, ಎರಡೂ ಬದಿ ಸೇರಿ ಎಂಟು ಪುಟ. ವಿಜಯದಶಮಿಗೂ ನರಕ ಚತುರ್ದಶಿಗೂ ನಡುವೆ ಮೂರು ವಾರಕ್ಕೆ ಸ್ವಲ್ಪ ಕಡಿಮೆ ಸಮಯವಿರುತ್ತದೆ. ವಿನ್ಯಾಸಕ್ಕೆ ಒಂದು ವಾರ, ಮುದ್ರಣಕ್ಕೆ ಒಂದು ವಾರ ಇಟ್ಟುಕೊಂಡರೆ ದೀಪಾವಳಿಗೆ ನೆಂಟರ ಕೈ ಸೇರಿಸಬಹುದು.

ಸಿದ್ಧ ಮಾದರಿಗಳಲ್ಲಿ ಸಿಗುವ ಹಣತೆ, ರಂಗೋಲಿ, ಚಿನ್ನದ ಬಳ್ಳಿಗಳನ್ನು ನಾನು ಬಳಸುವುದಿಲ್ಲ. ಎಲ್ಲ ಮನೆಯ ಕಾರ್ಡಿನಲ್ಲೂ ಅವೇ ಇರುತ್ತವೆ. ಈ ಆಲ್ಬಮ್ ನಿಮ್ಮ ಮನೆಯದು ಎಂದು ತೋರಿಸುವುದು ಚಿತ್ರದ ಕೆಳಗೆ ನೀವು ಬರೆಯುವ ಎರಡು ಸಾಲು. ತಂತ್ರಾಂಶದಿಂದ ಮಾಡಿಸಬೇಕಾದ ಮುಖ್ಯ ಕೆಲಸ ಆ ಎರಡು ಸಾಲನ್ನು ಅಚ್ಚುಕಟ್ಟಾಗಿ, ಒತ್ತಕ್ಷರ ಒಡೆಯದಂತೆ ಕಾಗದದ ಮೇಲೆ ತರುವುದು.

ಮೊದಲು ಕೇಳಿ ಬರೆದುಕೊಳ್ಳಿ

ಗೊಂಬೆಗಳು ಮೆಟ್ಟಿಲ ಮೇಲಿರುವಾಗಲೇ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ. ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಗೊಂಬೆ ತೋರಿಸಿ ಕೇಳುತ್ತಾ ಬನ್ನಿ. “ಇದು ಎಷ್ಟು ಹಳೆಯದು?” ಎಂದರೆ “ತುಂಬಾ ಹಳೆಯದು” ಎಂಬ ಉತ್ತರ ಬರುತ್ತದೆ. “ಇದನ್ನು ತಂದವರು ಯಾರು? ಆಗ ನೀವು ಯಾವ ಮನೆಯಲ್ಲಿದ್ದಿರಿ?” ಎಂದು ಕೇಳಿದರೆ ಕಥೆಯೇ ಬರುತ್ತದೆ. ಪಟ್ಟದ ಗೊಂಬೆಯಿಂದ ಶುರು ಮಾಡಿದರೆ ಒಳ್ಳೆಯದು. ಮದುವೆಯಾದ ಮಗಳಿಗೆ ತವರಿನವರು ಕೊಡುವ ಜೋಡಿ ಅದು, ಆದ್ದರಿಂದ ಮಾತು ತಾನಾಗಿ ಹೊರಡುತ್ತದೆ.

ಆಮೇಲೆ ಅದನ್ನು ಕೇಳಿ, ಒಂದೊಂದು ಗೊಂಬೆಗೆ ಎರಡು ಸಾಲಿನಂತೆ ಟೈಪ್ ಮಾಡಿಟ್ಟುಕೊಳ್ಳಿ. ಹೇಳಿದವರ ಮಾತಿನ ಧಾಟಿ ಉಳಿಯಲಿ. “ಸಂಪ್ರದಾಯದ ಪ್ರತೀಕವಾದ ಸುಂದರ ಗೊಂಬೆ” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ರಾಣಿಗೆ ಉಡಿಸಿರುವುದು ಅಜ್ಜಿಯ ಧಾರೆ ಸೀರೆಯ ಸೆರಗು. ಜರಿ ಸವೆದಿದ್ದರೂ ಬದಲಿಸಲು ಅಮ್ಮ ಒಪ್ಪುವುದಿಲ್ಲ” ಎಂದರೆ ಮುಂಬೈಯಲ್ಲಿರುವ ಸೊಸೆಗೂ ಅಮೆರಿಕದಲ್ಲಿರುವ ಮೊಮ್ಮಗನಿಗೂ ಆ ರಾಣಿ ಯಾರೆಂದು ಗೊತ್ತಾಗುತ್ತದೆ.

ಫೋಟೊ ತೆಗೆಯುವುದು

ಸಂಜೆ ಸೀರಿಯಲ್ ಸೆಟ್ ಹಾಕಿದಾಗ ಗೊಂಬೆ ಮನೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಅದು ಕಷ್ಟದ ಹೊತ್ತು: ಟ್ಯೂಬ್‌ಲೈಟ್‌ನ ಹಸಿರು, ಬಲ್ಬಿನ ಹಳದಿ, ಸೀರಿಯಲ್ ಸೆಟ್‌ನ ನೀಲಿ ಮೂರೂ ಕಲೆತು ಗೊಂಬೆಯ ಮುಖಕ್ಕೆ ಯಾವ ಬಣ್ಣವೆಂದು ಹೇಳಲಾಗದು. ಮುದ್ರಣಕ್ಕೆ ಬೇಕಾದ ಚಿತ್ರಗಳನ್ನು ಬೆಳಗಿನ ಹೊತ್ತು, ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ನೆರಳಿನ ಬದಿಗೆ ಬಿಳಿ ಪಂಚೆಯನ್ನು ಇಬ್ಬರು ಹಿಡಿದುಕೊಂಡರೆ ಬೆಳಕು ಮರಳಿ ಬಂದು ಕಪ್ಪು ತಗ್ಗುತ್ತದೆ.

ಫ್ಲಾಶ್ ಬೇಡವೇ ಬೇಡ. ಚನ್ನಪಟ್ಟಣದ ಗೊಂಬೆಗಳ ಮೇಲಿನ ಅರಗಿನ ಹೊಳಪಿಗೆ ಫ್ಲಾಶ್ ಬಡಿದರೆ ಹೊಟ್ಟೆಯ ಮೇಲೊಂದು ಬಿಳಿ ಚುಕ್ಕೆ ಕೂರುತ್ತದೆ. ಅದನ್ನು ಆಮೇಲೆ ತೆಗೆಯುವುದು ದೊಡ್ಡ ರಗಳೆ.

ಮೊಬೈಲನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿ. ನಿಂತು ಮೇಲಿನಿಂದ ತೆಗೆದರೆ ತಲೆ ದಪ್ಪ, ಕಾಲು ಸಣ್ಣ. ತೀರಾ ಹತ್ತಿರ ಹೋಗುವ ಬದಲು ಎರಡು ಹೆಜ್ಜೆ ಹಿಂದೆ ಸರಿದು, ಫೋನಿನಲ್ಲಿ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಟ್ರೈಪಾಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಫೋನ್ ಆನಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿದರೆ ಸಾಕು, ಕೈ ಅಲುಗುವುದಿಲ್ಲ. ಇಡೀ ಮೆಟ್ಟಿಲ ಸಾಲಿಗೆ ಪ್ಯಾನೊರಮಾ ಬಳಸಬೇಡಿ, ಮೆಟ್ಟಿಲು ಬಾಗುತ್ತದೆ. ಕೋಣೆಯ ಎದುರು ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಹೋಗಿ, ಫೋನನ್ನು ಅಡ್ಡ ಹಿಡಿದು, ಒಂದೇ ಚಿತ್ರವಾಗಿ ತೆಗೆಯಿರಿ.

ಪ್ರತಿ ಸಲ ಜಾಗ ಅಥವಾ ಬೆಳಕು ಬದಲಾದಾಗ ಗೊಂಬೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ಬಣ್ಣ ಸರಿಪಡಿಸುವಾಗ ಇದರ ಬೆಲೆ ತಿಳಿಯುತ್ತದೆ.

ಫೋಟೊಗಳನ್ನು ಕಂಪ್ಯೂಟರಿಗೆ ಕೇಬಲ್ ಮೂಲಕವೇ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಚಿತ್ರದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. ನಮ್ಮ ಆಲ್ಬಮಿನ ದೊಡ್ಡ ಚಿತ್ರ 216 ಮಿಲಿಮೀಟರ್ ಅಗಲ. ಅಷ್ಟಗಲಕ್ಕೆ 1600 ಪಿಕ್ಸೆಲ್ ಹರಡಿದರೆ ಇಂಚಿಗೆ 188 ಮಾತ್ರ ಉಳಿಯುತ್ತದೆ. ಅದೇ 12 ಮೆಗಾಪಿಕ್ಸೆಲ್‌ನ ಮೂಲ ಚಿತ್ರದಲ್ಲಿ 4000 ಪಿಕ್ಸೆಲ್ ಇರುವುದರಿಂದ ಧಾರಾಳವಾಗುತ್ತದೆ. ಊರಿನಲ್ಲಿರುವ ತಂಗಿ ಫೋಟೊ ಕಳುಹಿಸುವುದಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಆಗ ಗಾತ್ರ ಕುಗ್ಗುವುದಿಲ್ಲ.

ಕಾಗದದ ಮಾದರಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಒಂದು ಸಲ ಆಚೆ ಒಂದು ಸಲ ಈಚೆ ಎಂದು ಮೂರು ಮಡಿಕೆ ಮಾಡಿ. ಮುಚ್ಚಿ ನೋಡಿ. ಮೇಲೆ ಕಾಣುವ ಮುಖವೂ ಕೆಳಗೆ ಕಾಣುವ ಮುಖವೂ ಕಾಗದದ ಒಂದೇ ಬದಿಯಲ್ಲಿರುತ್ತವೆ. ಇದನ್ನು ಕೈಯಲ್ಲಿ ಮಡಿಸಿ ನೋಡದವರು ಮುಖಪುಟವನ್ನು ಒಂದು ಬದಿಗೂ ಹಿಂಪುಟವನ್ನು ಇನ್ನೊಂದು ಬದಿಗೂ ಹಾಕಿಬಿಡುತ್ತಾರೆ. ಮಡಿಸಿದ ಮೇಲೆ ಹಿಂಪುಟ ಒಳಗೆ ಸೇರಿಕೊಳ್ಳುತ್ತದೆ.

ಹಾಗಾಗಿ ಮೊದಲ ಬದಿಯಲ್ಲಿ ಎಡದಿಂದ ಬಲಕ್ಕೆ: ಮುಖಪುಟ (ಪಟ್ಟದ ಗೊಂಬೆ), ಬರಹದೊಂದಿಗೆ ಒಂದು ಗೊಂಬೆ, ಬರಹದೊಂದಿಗೆ ಇನ್ನೊಂದು ಗೊಂಬೆ, ಹಿಂಪುಟ (ಮನೆಯವರ ಚಿತ್ರ, ಶುಭಾಶಯ). ಎರಡನೆಯ ಬದಿಯಲ್ಲಿ: ಮಕ್ಕಳ ಪಾರ್ಕು, ನಡುವಿನ ಎರಡು ಪುಟ ಸೇರಿಸಿ ಇಡೀ ಗೊಂಬೆ ಸಾಲು, ಕೊನೆಯ ಪುಟದಲ್ಲಿ ಮೆಟ್ಟಿಲಿಗೊಂದರಂತೆ ಗೊಂಬೆಗಳ ವಿವರ. ಮಾದರಿಯ ಮೇಲೆ ಪೆನ್ಸಿಲಿನಲ್ಲಿ ಇದನ್ನೇ ಬರೆದು ಕಂಪ್ಯೂಟರ್ ಪಕ್ಕ ಇಟ್ಟುಕೊಳ್ಳಿ.

ಅಳತೆ: ಬಿಡಿಸಿದಾಗ 432 × 140 ಮಿಲಿಮೀಟರ್, ಮಡಿಸಿದಾಗ 108 × 140. ಡಿಜಿಟಲ್ ಮುದ್ರಣದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 12 × 18 ಇಂಚಿನ ಹಾಳೆಯಲ್ಲಿ ಇಂಥವು ಎರಡು ಕೂರುತ್ತವೆ, ಸುತ್ತ ಕತ್ತರಿಸಲು ಜಾಗವೂ ಉಳಿಯುತ್ತದೆ. ಹತ್ತು ಪ್ರತಿಗೆ ಐದೇ ಹಾಳೆ.

ಗಿಂಪ್‌ನಲ್ಲಿ ಚಿತ್ರ ಸರಿಪಡಿಸುವುದು

ಗಿಂಪ್ ಮತ್ತು ಮುಂದೆ ಬರುವ ಸ್ಕ್ರೈಬಸ್ ಎರಡೂ ಉಚಿತ ಮುಕ್ತ ತಂತ್ರಾಂಶಗಳು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಮೂಲ ಫೋಟೊಗಳ ಫೋಲ್ಡರನ್ನು ಮುಟ್ಟದೆ, ಅದರ ಪ್ರತಿಯಲ್ಲಿ ಕೆಲಸ ಮಾಡಿ.

ಮೊದಲು ಬಿಳಿ ಹಾಳೆ ಇರುವ ಚಿತ್ರ ತೆರೆಯಿರಿ. ‘ಕಲರ್ಸ್’ ಮೆನುವಿನಲ್ಲಿ ‘ಲೆವೆಲ್ಸ್’ ಆರಿಸಿದರೆ ಕೆಳಗೆ ಮೂರು ಪಿಚಕಾರಿ ಗುರುತುಗಳು ಕಾಣುತ್ತವೆ. ನಡುವಿನದು ಬೂದು ಬಣ್ಣದ್ದು. ಅದನ್ನು ಹಿಡಿದು ಹಾಳೆಯ ನೆರಳಿರುವ ಭಾಗದ ಮೇಲೆ ಕ್ಲಿಕ್ ಮಾಡಿ. ಚಿತ್ರದ ಮೇಲಿನ ಹಳದಿ ಅಥವಾ ನೀಲಿ ಛಾಯೆ ಅಲ್ಲೇ ಇಳಿಯುತ್ತದೆ. ಈ ಹೊಂದಾಣಿಕೆಯನ್ನು ಹೆಸರು ಕೊಟ್ಟು ಉಳಿಸಿಕೊಂಡರೆ ಅದೇ ಬೆಳಕಿನಲ್ಲಿ ತೆಗೆದ ಉಳಿದ ಚಿತ್ರಗಳಿಗೂ ಅನ್ವಯಿಸಬಹುದು. ರೇಷ್ಮೆಯ ಮೇಲೆ ಕಣ್ಣಿಡಿ: ಅರಿಶಿನ ಬಣ್ಣದ ಸೀರೆ ನಿಂಬೆಯ ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿದೆ ಎಂದರ್ಥ, ಸ್ವಲ್ಪ ಹಿಂದೆ ಬನ್ನಿ.

ಬೆಳಕು ಏರಿಸಲು ಅದೇ ಮೆನುವಿನ ‘ಕರ್ವ್ಸ್’ ಒಳ್ಳೆಯದು. ಗೆರೆಯ ನಡುವನ್ನು ಹಿಡಿದು ಸ್ವಲ್ಪವೇ ಮೇಲಕ್ಕೆ ಎಳೆಯಿರಿ. ಕಾಗದದ ಮೇಲೆ ಚಿತ್ರ ಪರದೆಗಿಂತ ಕಪ್ಪಾಗಿ ಬರುತ್ತದೆ, ಆದ್ದರಿಂದ ಪರದೆಯ ಪ್ರಕಾಶವನ್ನು ಅರ್ಧಕ್ಕೆ ಇಳಿಸಿಕೊಂಡು ಈ ಕೆಲಸ ಮಾಡಿ. ಮೆಟ್ಟಿಲ ಹಿಂದೆ ಕಾಣುವ ಸ್ವಿಚ್ ಬೋರ್ಡು, ವೈರು ಅಳಿಸಲು ‘ಕ್ಲೋನ್’ ಅಥವಾ ‘ಹೀಲ್’ ಸಾಧನವಿದೆ. ಗೊಂಬೆಯ ಮೂಗಿನ ಬಣ್ಣ ಹಾರಿದ್ದನ್ನು ಮಾತ್ರ ಸರಿಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಆ ಗೊಂಬೆಯ ವಯಸ್ಸು.

ಅಂಚಿನವರೆಗೆ ಹರಡುವ ಚಿತ್ರಗಳಿಗೆ ಕತ್ತರಿ ತಪ್ಪಿದರೂ ಬಿಳಿ ಗೆರೆ ಕಾಣದಂತೆ ಹೊರಗಿನ ಅಂಚಿಗೆಲ್ಲ 3 ಮಿಲಿಮೀಟರ್ ಹೆಚ್ಚು ಇರಬೇಕು. ಇದಕ್ಕೆ ಮುದ್ರಣದವರು ಬ್ಲೀಡ್ ಎನ್ನುತ್ತಾರೆ. ಅದೂ ಸೇರಿ ಮುಖಪುಟದ ಚಿತ್ರ 111 × 146 ಮಿಲಿಮೀಟರ್, ಅಂದರೆ ಕನಿಷ್ಠ 1311 × 1724 ಪಿಕ್ಸೆಲ್. ನಡುವಿನ ದೊಡ್ಡ ಚಿತ್ರ 216 × 146, ಅಂದರೆ ಕನಿಷ್ಠ 2551 × 1724. ‘ಕ್ರಾಪ್’ ಸಾಧನದಲ್ಲಿ ‘ಫಿಕ್ಸ್ಡ್’ ಗುರುತು ಹಾಕಿ 111:146 ಅಥವಾ 216:146 ಅನುಪಾತ ಕೊಟ್ಟರೆ ಲೆಕ್ಕ ತಪ್ಪುವುದಿಲ್ಲ. ಕಡಿಮೆ ಪಿಕ್ಸೆಲ್ ಇರುವ ಚಿತ್ರವನ್ನು ಹಿಗ್ಗಿಸಿ ಸಂಖ್ಯೆ ಸರಿಮಾಡಿಕೊಂಡರೆ ಪ್ರಯೋಜನವಿಲ್ಲ, ಅದನ್ನು ಚಿಕ್ಕ ಚೌಕಕ್ಕೆ ಬಳಸಿ. ಮುಗಿದ ಮೇಲೆ ‘ಎಕ್ಸ್‌ಪೋರ್ಟ್ ಆ್ಯಸ್’ ಮೂಲಕ ಜೆಪೆಗ್ ಆಗಿ, ಗುಣಮಟ್ಟ 95ಕ್ಕೆ ಇಟ್ಟು ಉಳಿಸಿ.

ಸ್ಕ್ರೈಬಸ್‌ನಲ್ಲಿ ಪುಟ ಕಟ್ಟುವುದು

ಪುಟವಿನ್ಯಾಸವನ್ನು ಗಿಂಪ್‌ನಲ್ಲೇ ಮುಗಿಸುವವರಿದ್ದಾರೆ. ನನಗೆ ಅದು ಸರಿಬರುವುದಿಲ್ಲ. ಅಕ್ಷರದ ಸಾಲು, ಅಂಚು, ಮಡಿಕೆ ಇರುವ ಕೆಲಸಕ್ಕೆ ಪುಟ ಕಟ್ಟಲೆಂದೇ ಮಾಡಿದ ಸ್ಕ್ರೈಬಸ್ ವಾಸಿ. 1.4ರ ಹಳೆಯ ಆವೃತ್ತಿಗಳಲ್ಲಿ ಕನ್ನಡ ಒತ್ತಕ್ಷರ ಒಡೆಯುತ್ತಿತ್ತು. 2024ರಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ.

ಹೊಸ ದಾಖಲೆ ತೆರೆಯುವಾಗ ಅಳತೆಯ ಘಟಕ ಮಿಲಿಮೀಟರ್, ಅಗಲ 432, ಎತ್ತರ 140, ಪುಟಗಳು 2, ಅಂಚು 5, ಬ್ಲೀಡ್ ನಾಲ್ಕೂ ಕಡೆ 3 ಎಂದು ಕೊಡಿ. ‘ಪೇಜ್’ ಮೆನುವಿನ ‘ಮ್ಯಾನೇಜ್ ಗೈಡ್ಸ್’ನಲ್ಲಿ 108, 216, 324ರಲ್ಲಿ ಲಂಬ ಗೆರೆ ಹಾಕಿ ಎರಡೂ ಪುಟಕ್ಕೆ ಅನ್ವಯಿಸಿ. ಇವು ಮಡಿಕೆಯ ಗೆರೆಗಳು, ಮುದ್ರಣದಲ್ಲಿ ಬರುವುದಿಲ್ಲ.

ಇಮೇಜ್ ಫ್ರೇಮ್ ಎಳೆದು, ಎಫ್2 ಒತ್ತಿ, ಸ್ಥಾನ ಮತ್ತು ಅಳತೆಯನ್ನು ಅಂಕಿಯಲ್ಲೇ ತುಂಬಿ. ಮುಖಪುಟಕ್ಕೆ ಎಕ್ಸ್ −3, ವೈ −3, ಅಗಲ 111, ಎತ್ತರ 146. ಎರಡನೆಯ ಬದಿಯ ದೊಡ್ಡ ಚಿತ್ರಕ್ಕೆ ಎಕ್ಸ್ 108, ವೈ −3, ಅಗಲ 216, ಎತ್ತರ 146. ಫ್ರೇಮ್ ಮೇಲೆ ಬಲ ಕ್ಲಿಕ್ ಮಾಡಿ ‘ಗೆಟ್ ಇಮೇಜ್’ ಆರಿಸಿ ಚಿತ್ರ ತುಂಬಿ, ಫ್ರೇಮಿಗೆ ಹೊಂದಿಸಿ.

ಈ ದೊಡ್ಡ ಚಿತ್ರದಲ್ಲಿ ಒಂದು ಸೂಕ್ಷ್ಮವಿದೆ. 216ರ ಮಡಿಕೆ ಚಿತ್ರದ ನಟ್ಟನಡುವೆ ಬೀಳುತ್ತದೆ, ಮೇಲಿನ ಮೆಟ್ಟಿಲಿನ ನಡುವೆ ಇರುವುದು ಪಟ್ಟದ ಗೊಂಬೆ. ಚಿತ್ರವನ್ನು ಹಾಗೇ ಬಿಟ್ಟರೆ ಮಡಿಕೆ ರಾಣಿಯ ಮುಖದ ಮೇಲೆ ಹಾಯಬಹುದು. ಫ್ರೇಮ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಚಿತ್ರವನ್ನು ಒಳಗೇ ಎಡಬಲ ಸರಿಸಿ, ಗೆರೆ ರಾಜ ರಾಣಿಯರ ನಡುವಿನ ಸಂದಿಯಲ್ಲಿ ಹಾಯುವಂತೆ ನಿಲ್ಲಿಸಿ. ನಡುವೆ ಕಲಶವಿದ್ದರೆ ಕಲಶಕ್ಕೂ ಒಂದು ಗೊಂಬೆಗೂ ನಡುವೆ. ಸರಿಸಲು ಜಾಗವಿರಲೆಂದು ಈ ಚಿತ್ರವನ್ನು ಗಿಂಪ್‌ನಲ್ಲಿ ಕತ್ತರಿಸುವಾಗ ಮಾತ್ರ 216:146ಕ್ಕೆ ಸರಿಯಾಗಿ ನಿಲ್ಲಿಸದೆ ಎರಡೂ ಬದಿ ಸ್ವಲ್ಪ ಹೆಚ್ಚು ಉಳಿಸಿಕೊಂಡಿರಿ.

ಬರಹದ ಪುಟಗಳಲ್ಲಿ ಚಿತ್ರಕ್ಕೆ 92 × 92 ಮಿಲಿಮೀಟರ್, ಅದರ ಕೆಳಗೆ ಅಷ್ಟೇ ಅಗಲದ ಟೆಕ್ಸ್ಟ್ ಫ್ರೇಮ್. ಒಂದು ಪುಟಕ್ಕೆ ಎರಡು ಗೊಂಬೆ ತುರುಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅಂಕಣ ಕಿರಿದಾದರೆ ಕನ್ನಡದ ಉದ್ದ ಪದಗಳು ಸಾಲಿಗೊಂದರಂತೆ ನಿಂತು ಬಲಬದಿ ಹಲ್ಲುಹಲ್ಲಾಗುತ್ತದೆ. ಪುಟದ ಹಿನ್ನೆಲೆಗೆ ತಿಳಿ ಕೆನೆ ಬಣ್ಣ, ಅಕ್ಷರಕ್ಕೆ ರಾಣಿಯ ಸೀರೆಯಿಂದಲೇ ಆರಿಸಿದ ಗಾಢ ಬಣ್ಣ ಚೆನ್ನಾಗಿ ಹೊಂದುತ್ತದೆ.

ಕನ್ನಡ ಅಕ್ಷರ

‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಇಲ್ಲಿಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಿರುಗಿಸಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ. ಎರಡೇ ಸಾಲಲ್ಲವೇ!

ಓದುವ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ, ಶೀರ್ಷಿಕೆಗೆ ದಪ್ಪನೆಯ ಬಾಲೂ ತಮ್ಮ 2 ನನ್ನ ಆಯ್ಕೆ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಫಾಂಟ್ ಆರಿಸುವ ಮೊದಲು ಲಕ್ಷ್ಮಮ್ಮ, ಕೃಷ್ಣ, ಶ್ರೀ, ಸ್ತ್ರೀ, ಅರ್ಚನೆ ಎಂದು ಟೈಪ್ ಮಾಡಿ ನೋಡಿ. ಒತ್ತು ಅದರ ಜಾಗದಲ್ಲಿ ಕೂತು, ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದರೆ ಸರಿ.

ಗಾತ್ರ 11 ಪಾಯಿಂಟ್‌ಗಿಂತ ಕಡಿಮೆ ಬೇಡ, ಓದುವವರಲ್ಲಿ ಅಜ್ಜ ಅಜ್ಜಿಯರಿದ್ದಾರೆ. ಸಾಲುಗಳ ನಡುವೆ 17 ಪಾಯಿಂಟ್ ಕೊಡಿ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ತಂತ್ರಾಂಶ ತಾನಾಗಿ ಕೊಡುವ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಫೋಟೊದ ಮೇಲೆ ಬಿಳಿ ಸಣ್ಣ ಅಕ್ಷರ ಬರೆಯಬೇಡಿ, ಸುತ್ತಲಿನ ಬಣ್ಣ ಒಳನುಗ್ಗಿ ಒತ್ತಕ್ಷರದ ಕಣ್ಣು ಮುಚ್ಚಿಹೋಗುತ್ತದೆ. ಮಡಿಕೆಯಿಂದ ಅಕ್ಷರ 6 ಮಿಲಿಮೀಟರ್ ದೂರವಿರಲಿ.

ಫೋಟೊಶಾಪ್ ಬಳಸುವವರು ಟೈಪ್ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಎಂಬುದನ್ನು ಆರಿಸಿದರೆ ಒತ್ತಕ್ಷರ ಸರಿಯಾಗುತ್ತದೆ. ಕ್ಯಾನ್ವಾದಲ್ಲಿ ಮಾಡುವವರಿಗೂ ಇದೇ ಅಳತೆ ನಡೆಯುತ್ತದೆ. ಇಳಿಸಿಕೊಳ್ಳುವಾಗ ‘ಪಿಡಿಎಫ್ ಪ್ರಿಂಟ್’ ಆರಿಸಿ, ಬ್ಲೀಡ್ ಮತ್ತು ಕತ್ತರಿ ಗುರುತಿನ ಆಯ್ಕೆಗೆ ಗುರುತು ಹಾಕಿ.

ಪಿಡಿಎಫ್ ಮತ್ತು ಅಂಗಡಿ

ಸ್ಕ್ರೈಬಸ್‌ನಲ್ಲಿ ಪಿಡಿಎಫ್ ಆಗಿ ಉಳಿಸಲು ಹೊರಟಾಗ, ಕಡಿಮೆ ಪಿಕ್ಸೆಲ್‌ನ ಚಿತ್ರ, ಫ್ರೇಮಿನಿಂದ ಹೊರಚೆಲ್ಲಿದ ಬರಹ ಮುಂತಾದವನ್ನು ‘ಪ್ರಿಫ್ಲೈಟ್ ವೆರಿಫೈಯರ್’ ಪಟ್ಟಿ ಮಾಡಿ ತೋರಿಸುತ್ತದೆ. ಒಂದೊಂದನ್ನೂ ನೋಡಿ ಸರಿಪಡಿಸಿ. ಮುಂದಿನ ಕಿಟಕಿಯಲ್ಲಿ ಅಕ್ಷರಗಳನ್ನು ‘ಔಟ್‌ಲೈನ್’ ಮಾಡುವ ಆಯ್ಕೆ ಕೊಡಿ: ಅಕ್ಷರ ಚಿತ್ರರೂಪಕ್ಕೆ ತಿರುಗುವುದರಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಏನೂ ಕೆಡುವುದಿಲ್ಲ. ದಾಖಲೆಯ ಬ್ಲೀಡ್ ಮತ್ತು ಕತ್ತರಿ ಗುರುತುಗಳನ್ನೂ ಸೇರಿಸಿ.

ಬಣ್ಣ ಆರ್‌ಜಿಬಿಯಲ್ಲಿ (ಪರದೆಯ ಮೂರು ಬಣ್ಣ) ಬೇಕೋ ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಶಾಯಿ) ಬೇಕೋ ಎಂಬುದನ್ನು ಅಂಗಡಿಯವರನ್ನೇ ಕೇಳಿ, ಅದರಂತೆ ಕೊಡಿ. ಎರಡರಲ್ಲಿ ಯಾವುದಾದರೂ ನವಿಲು ನೀಲಿ, ಗಿಳಿ ಹಸಿರಿನ ರೇಷ್ಮೆ ಪರದೆಯಲ್ಲಿ ಕಂಡಷ್ಟು ಹೊಳೆಯುವುದಿಲ್ಲ. ಕಾಗದದ ಮೇಲಿನ ನಾಲ್ಕು ಶಾಯಿಗಳಿಗೆ ಅಷ್ಟು ಪ್ರಖರತೆ ಸಾಧ್ಯವಿಲ್ಲ.

ಬೆಂಗಳೂರಿನವರಿಗೆ ಸುಲ್ತಾನ್‌ಪೇಟೆಯ ಸುತ್ತಮುತ್ತ ಮುದ್ರಣದ ಅಂಗಡಿಗಳು ಸಾಲಾಗಿವೆ. ಬೇರೆ ಊರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವವರ ಬಳಿ ವಿಚಾರಿಸಿ. ದೀಪಾವಳಿಯ ಹಿಂದಿನ ವಾರ ಅಲ್ಲಿ ತಲೆಯೆತ್ತಲು ಬಿಡುವಿರುವುದಿಲ್ಲ, ಬೇಗ ಹೋಗಿ. ಕಾಗದದ ಮಾದರಿಯನ್ನು ಜೊತೆಗೆ ಒಯ್ಯಿರಿ, ನೂರು ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ. ಹೇಳಬೇಕಾದ್ದು ಇಷ್ಟು: 250 ಜಿಎಸ್‌ಎಂ ಆರ್ಟ್ ಕಾರ್ಡ್, ಎರಡೂ ಬದಿ ಮುದ್ರಣ, ಹಾಳೆಯನ್ನು ಪುಸ್ತಕದ ಪುಟದ ಹಾಗೆ ಎಡಬಲ ತಿರುಗಿಸಬೇಕು, ಎರಡೂ ಬದಿ ಮ್ಯಾಟ್ ಲ್ಯಾಮಿನೇಷನ್, ಮೂರು ಕಡೆ ಕ್ರೀಸಿಂಗ್ (ಮಡಿಸುವ ಜಾಗದಲ್ಲಿ ಒತ್ತಿ ಗೆರೆ ಹಾಕುವುದು). ಕ್ರೀಸಿಂಗ್ ಇಲ್ಲದೆ ದಪ್ಪ ಕಾಗದ ಮಡಿಸಿದರೆ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಏಳುತ್ತದೆ. ನಡುವಿನ ಮಡಿಕೆ ಉಳಿದೆರಡಕ್ಕೆ ಎದುರು ದಿಕ್ಕಿನದು ಎಂಬುದನ್ನು ಬಾಯಿಬಿಟ್ಟು ಹೇಳಿ.

ಎಲ್ಲ ಪ್ರತಿಗೂ ಮೊದಲು ಒಂದೇ ಒಂದು ತೆಗೆಸಿ. ಕಿಟಕಿಯ ಬೆಳಕಿಗೆ ಹಿಡಿದು ಗೊಂಬೆಯ ಮುಖದ ಬಣ್ಣ ನೋಡಿ, ಮಡಿಸಿ ಪುಟಗಳ ಸರದಿ ನೋಡಿ. ಆಮೇಲೆ ಕಥೆ ಹೇಳಿದ ಹಿರಿಯರ ಕೈಗೆ ಕೊಟ್ಟು ಓದಿಸಿ. ಹೆಸರು, ಊರು, ಸಂಬಂಧಗಳಲ್ಲಿ ತಪ್ಪಿದ್ದರೆ ಅವರಿಗೆ ತಕ್ಷಣ ತಿಳಿಯುತ್ತದೆ, ಬೇರೆ ಯಾರಿಗೂ ತಿಳಿಯುವುದಿಲ್ಲ. ತಿದ್ದಿ, ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿ.

ಕೆಲಸ ಮುಗಿದ ಮೇಲೆ ಸ್ಕ್ರೈಬಸ್‌ನ ‘ಫೈಲ್’ ಮೆನುವಿನಲ್ಲಿ ‘ಕಲೆಕ್ಟ್ ಫಾರ್ ಔಟ್‌ಪುಟ್’ ಆರಿಸಿದರೆ ಪುಟ, ಚಿತ್ರ, ಫಾಂಟುಗಳೆಲ್ಲ ಒಂದೇ ಫೋಲ್ಡರಿಗೆ ಸೇರುತ್ತವೆ. ಹಿರಿಯರ ಧ್ವನಿಮುದ್ರಣವನ್ನೂ ಅದರಲ್ಲೇ ಹಾಕಿ, ಇಸವಿ ಬರೆದು, ಪೆನ್‌ಡ್ರೈವ್‌ನಲ್ಲೊಂದು ಪ್ರತಿ ಇಡಿ. ಮುಂದಿನ ದಸರಾಕ್ಕೆ ಅಳತೆ, ಗೆರೆ, ಫಾಂಟ್ ಸಿದ್ಧವಿರುತ್ತವೆ. ಬೇರೆ ಎರಡು ಗೊಂಬೆ ಆರಿಸಿಕೊಂಡು ಅವುಗಳ ಕಥೆ ಕೇಳಲು ಶುರು ಮಾಡಬಹುದು.